ಕತ್ತಲಲ್ಲಿ ಓಡಾಡುವ ಚೌಕಳಿ ಜೀರುಂಡೆ

ಕೇಳುಗರೇ, ನಮಸ್ಕಾರ.

ಚೌಕಳಿ ಜೀರುಂಡೆಗಳಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜಾತಿಗಳಿವೆ. ಇಡೀ ಕುಟುಂಬಕ್ಕೆ ಕ್ಲೆರಿಡೇ ಅಂತ ಹೆಸರು. ಮೈತುಂಬ ಕೂದಲು, ರೆಕ್ಕೆಯ ಮೇಲೆ ಬಣ್ಣದ ಪಟ್ಟಿ, ಬಹುಪಾಲು ಬೇಟೆಯಾಡಿ ಬದುಕುವವು. ಇವತ್ತು ಇವುಗಳಲ್ಲೇ ಒಂದು ಕುಲದ ವಿಷಯ ಹೇಳುತ್ತೇನೆ. ಅದು ಸಿಮಟೊಡೆರಾ. 1832ರಲ್ಲೇ ಇದಕ್ಕೆ ನಾಮಕರಣ ಆಗಿದೆ. ಅಮೆರಿಕ ಖಂಡಗಳಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಮೆಕ್ಸಿಕೊದಲ್ಲಂತೂ ಹೇರಳ. ಆದರೆ ಅವುಗಳಲ್ಲಿ ಹೆಚ್ಚಿನವು ಏನು ತಿಂದು ಬೆಳೆಯುತ್ತವೆ ಅಂತ ಕೇಳಿ ನೋಡಿ, ಉತ್ತರ ಸಿಗುವುದಿಲ್ಲ.

ಯಾಕೆ ಹೀಗೆ? ಇದರ ನೆಂಟನೊಬ್ಬನನ್ನು ನೋಡಿದರೆ ತಿಳಿಯುತ್ತದೆ. ಯುರೋಪಿನ ಪೈನ್ ಕಾಡುಗಳಲ್ಲಿ ಥಾನಸಿಮಸ್ ಎಂಬ ಚೌಕಳಿ ಜೀರುಂಡೆ ಇದೆ. ಕಪ್ಪು ತಲೆ, ಕೆಂಪು ಕತ್ತು, ರೆಕ್ಕೆಯ ಮೇಲೆ ಅಂಕುಡೊಂಕು ಬಿಳಿ ಗೆರೆ. ಇರುವೆಯ ಹಾಗೆ ತೊಗಟೆಯ ಮೇಲೆ ಸರಸರ ಓಡುತ್ತದೆ. ಮರ ಕೊರೆಯುವ ತೊಗಟೆಹುಳುಗಳು ತಮ್ಮವರನ್ನು ಕರೆಯಲು ಒಂದು ವಾಸನೆ ಬಿಡುತ್ತವೆ. ಕರೆಯದೇ ಬರುವ ಅತಿಥಿ ಇದು! ಅದೇ ವಾಸನೆ ಹಿಡಿದು ಬರುತ್ತದೆ. ಸಿಕ್ಕ ಹುಳುವನ್ನು ಮುಂಗಾಲಲ್ಲಿ ಅವುಚಿ, ಗಟ್ಟಿ ಚಿಪ್ಪಿನ ಸಂದು ಹುಡುಕಿ ಕಚ್ಚಿ, ಒಳಗಿನದನ್ನು ತಿಂದು ಚಿಪ್ಪನ್ನು ಬಿಸಾಡುತ್ತದೆ. ತೊಗಟೆಹುಳುವಿನಿಂದ ಕಾಡಿನ ಮಾಲೀಕರಿಗೆ ಭಾರಿ ನಷ್ಟ. ಹಾಗಾಗಿ ಥಾನಸಿಮಸ್‌ನ ಜಾತಕವನ್ನೇ ಬರೆದಿಟ್ಟಿದ್ದಾರೆ. ದುಡ್ಡಿನ ಲೆಕ್ಕ ಎಲ್ಲಿದೆಯೋ ಅಲ್ಲಿ ಸಂಶೋಧನೆ, ಅಲ್ವಾ?

ಸಿಮಟೊಡೆರಾಗೆ ಆ ಅದೃಷ್ಟ ಇಲ್ಲ. ಉದ್ದನೆಯ ಸಪೂರ ಮೈ, ಹೆಚ್ಚಾಗಿ ಕಂದು ಬಣ್ಣ. ಹಗಲು ಎಲ್ಲೋ ಅಡಗಿದ್ದು ರಾತ್ರಿ ಹೊರಗೆ ಬರುತ್ತದೆ. ಕಾಡಿನಲ್ಲಿ ಬಿಳಿ ಬಟ್ಟೆ ಕಟ್ಟಿ ದೀಪ ಇಟ್ಟರೆ ಬಂದು ಕೂರುತ್ತದೆ. ಆದರೆ ಅದರಿಂದ ತಿಳಿಯುವುದು ಇಷ್ಟೇ, ಬೆಳಕಿಗೆ ಬರುತ್ತದೆ ಅಂತ. ಎಲ್ಲಿಂದ ಬಂತು, ಯಾವ ಮರದ್ದು, ಏನೂ ಗೊತ್ತಾಗುವುದಿಲ್ಲ. ಗುರುತಿಸುವುದೂ ಸುಲಭವಲ್ಲ. ಬಣ್ಣ ಒಂದೇ ಜಾತಿಯಲ್ಲೂ ಬದಲಾಗುತ್ತದೆ. ಗಂಡಿನ ಹೊಟ್ಟೆಯ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಬೇಕು. ಹೆಣ್ಣು ಮಾತ್ರ ಸಿಕ್ಕರೆ ಎಷ್ಟೋ ಸಲ ಪೇಚಾಟವೇ.

ಮರಿಹುಳುಗಳ ಕಥೆ ಇನ್ನೂ ಕಷ್ಟ. ಮರ ಕೊರೆಯುವ ಹುಳುಗಳ ಸುರಂಗದಲ್ಲಿ, ಕೀಟಗಳ ಕಾಟದಿಂದ ಗಿಡದಲ್ಲಿ ಏಳುವ ಗಂಟುಗಳ ಒಳಗೆ ಕೆಲವು ಸಿಕ್ಕಿವೆ. ಒಣ ಕೊಂಬೆ ತಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಜೀರುಂಡೆ ಹೊರಬರುವ ತನಕ ಕಾಯುವುದು ಒಂದು ದಾರಿ. ಸುಮ್ನೆ ತಿಂಗಳುಗಟ್ಟಲೆ ಕಾಯಬೇಕು. ಅದೇ ಕೊಂಬೆಯಿಂದ ಬೇರೆ ಮೂರು ನಾಲ್ಕು ಬಗೆಯ ಹುಳುಗಳೂ ಹೊರಬಂದವು ಅನ್ನಿ, ಇದು ಯಾವುದನ್ನು ತಿಂದಿತ್ತು ಅಂತ ಹೇಳುವುದು ಹೇಗೆ? ಕೊಂಬೆ ಸೀಳಿ, ಮರಿಯನ್ನು ಊಟದ ಹೊತ್ತಿಗೇ ಹಿಡಿಯಬೇಕು. ಅಷ್ಟು ತಾಳ್ಮೆ ಇರುವವರು ಕಡಿಮೆ, ಅದಕ್ಕೆ ಹಣ ಕೊಡುವವರಂತೂ ಇನ್ನೂ ಕಡಿಮೆ.

ನಮಸ್ಕಾರ.