ಟಿಬಿ ಬಂದ ಮನೆಗೆ ತಿಂಗಳ ರೇಷನ್

ನಮಸ್ಕಾರ ಕೇಳುಗರೇ. ಇವತ್ತು ಟಿಬಿ, ಅಂದರೆ ಕ್ಷಯದ ಬಗ್ಗೆ ಮಾತಾಡೋಣ. ಮಾತ್ರೆ, ಇಂಜೆಕ್ಷನ್ ವಿಷಯ ಸ್ವಲ್ಪ ಆಮೇಲೆ. ಮೊದಲು ಅಕ್ಕಿ ಬೇಳೆ ವಿಷಯ.

ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಹೆಸರು ರೇಷನ್ಸ್. ಹೆಸರೇ ವಿಷಯ ಹೇಳಿಬಿಡುತ್ತದೆ, ಅಲ್ವಾ? ಇದನ್ನು ಮುಂದೆ ನಿಂತು ನಡೆಸಿದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಅವರು ಕೇಳಿದ ಪ್ರಶ್ನೆ ತುಂಬಾ ಸರಳ. ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಟಿಬಿ ಬಂದಿದೆ. ಅದೇ ಸೂರಿನಡಿ ಮಲಗುವ ಹೆಂಡತಿ, ಮಕ್ಕಳು, ಅಜ್ಜಿ ಎಲ್ಲರೂ ಅದೇ ಗಾಳಿ ಉಸಿರಾಡುತ್ತಿದ್ದಾರೆ. ಅವರ ಹೊಟ್ಟೆಗೆ ಸರಿಯಾಗಿ ಊಟ ಬಿದ್ದರೆ ಅವರಿಗೆ ಟಿಬಿ ಬರುವುದು ಕಮ್ಮಿಯಾಗುತ್ತದೆಯೇ?

2,800 ರೋಗಿಗಳು, ಅವರ ಮನೆಗಳ 10,345 ಜನ. ಸರ್ಕಾರದ 28 ಟಿಬಿ ಘಟಕಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ರೋಗಿಗಳಿಗೆ ಎರಡೂ ಕಡೆ ಆಹಾರದ ಚೀಲ ಕೊಟ್ಟರು. ತಿಂಗಳಿಗೆ 10 ಕೆಜಿಯಷ್ಟು: ಅಕ್ಕಿ, ಹಾಲಿನ ಪುಡಿ, ಎಣ್ಣೆ, ಜೊತೆಗೆ ಸತ್ತು. ಸತ್ತು ಅಂದರೆ ಹುರಿದ ಕಡಲೆಯ ಹಿಟ್ಟು, ಆ ಕಡೆಯ ಜನ ದಿನಾ ನೀರಿಗೆ ಕಲಸಿ ಕುಡಿಯುವಂಥದ್ದು. ಬೇರೆ ದೇಶದಿಂದ ಪೊಟ್ಟಣ ತರಿಸದೆ ಊರಲ್ಲಿ ತಿನ್ನುವುದನ್ನೇ ಕೊಟ್ಟಿದ್ದು ನನಗೆ ತುಂಬಾ ಹಿಡಿಸಿತು. ಇನ್ನು ಒಂದು ಗುಂಪಿನಲ್ಲಿ ಮಾತ್ರ ಮನೆಯ ಉಳಿದವರಿಗೂ ತಲೆಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ. ಚಿಕ್ಕ ಮಕ್ಕಳಿಗೆ ಅದರ ಅರ್ಧ. ಇನ್ನೊಂದು ಗುಂಪಿನ ಮನೆಯವರಿಗೆ ಇದು ಇರಲಿಲ್ಲ.

ಫಲಿತಾಂಶ ಏನು ಗೊತ್ತಾ? ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39 ಶೇಕಡಾ ಕಮ್ಮಿ. ಕಫದಲ್ಲಿ ರೋಗಾಣು ಸಿಗುವಂಥ, ಇನ್ನೊಬ್ಬರಿಗೆ ಹರಡುವಂಥ ಟಿಬಿ ಲೆಕ್ಕ ಹಿಡಿದರೆ 48 ಶೇಕಡಾ ಕಮ್ಮಿ. ಅಕ್ಕಿ ಬೇಳೆಯಿಂದ! ಖರ್ಚು ಮನೆಯ ಒಬ್ಬರಿಗೆ ತಿಂಗಳಿಗೆ 4 ಡಾಲರ್, ಆಗಿನ ಲೆಕ್ಕದಲ್ಲಿ 300 ರೂಪಾಯಿ ಆಸುಪಾಸು. ಸುಮಾರು 30 ಮನೆಗಳಿಗೆ ಹೀಗೆ ಕೊಟ್ಟರೆ ಒಬ್ಬರಿಗೆ ಬರುವ ಟಿಬಿ ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದಾರೆ.

ಇದು ಹೇಗೆ ಅಂತ ನೀವು ಕೇಳಬಹುದು. ಟಿಬಿ ರೋಗಾಣು ಮೈಯೊಳಗೆ ಹೋದ ಕೂಡಲೇ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹತ್ತರಲ್ಲಿ ಒಂಬತ್ತು ಜನಕ್ಕೆ ಜೀವಮಾನ ಪೂರ್ತಿ ಏನೂ ಆಗುವುದಿಲ್ಲ. ರೋಗಾಣುವನ್ನು ಮೈಯ ರಕ್ಷಣಾ ಕಣಗಳು ಸುತ್ತುವರಿದು ಕೂಡಿಹಾಕಿರುತ್ತವೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಮೈ ಸೊರಗಿದರೆ ಈ ಕಾವಲು ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಎಚ್‌ಐವಿ, ಇವೆಲ್ಲ ಕೂಡ ಅದೇ ಕೆಲಸ ಮಾಡುತ್ತವೆ. ಆದರೆ ನಮ್ಮ ದೇಶದಲ್ಲಿ ದೊಡ್ಡ ಪಾಲು ಅರೆಹೊಟ್ಟೆಯದ್ದೇ.

ಆ 2,800 ರೋಗಿಗಳು ಬಂದಾಗ ಹೇಗಿದ್ದರು ಅಂತ ಕೇಳಿದರೆ ಬೇಸರವಾಗುತ್ತದೆ. ಗಂಡಸರ ಸರಾಸರಿ ತೂಕ 42-43 ಕೆಜಿ. ಹೆಂಗಸರದ್ದು 36. ಇವರು ದುಡಿಯುವ ವಯಸ್ಸಿನ ಜನ, ಗೊತ್ತಿರಲಿ. ಐದರಲ್ಲಿ ನಾಲ್ಕು ಜನ ಇರಬೇಕಾದ ತೂಕಕ್ಕಿಂತ ಕೆಳಗೆ. ಅರ್ಧದಷ್ಟು ಜನ ತೀರಾ ಕೆಳಗೆ. ಚಿಕಿತ್ಸೆ ಶುರುವಾದಾಗ ಕೆಲಸಕ್ಕೆ ಹೋಗುವ ಶಕ್ತಿ ಇದ್ದವರು ಬರೀ 3 ಶೇಕಡಾ. ಮುಗಿಯುವ ಹೊತ್ತಿಗೆ 75 ಶೇಕಡಾ ಜನ ಕೆಲಸಕ್ಕೆ ಹೊರಟಿದ್ದರು. ಇನ್ನೊಂದು ಮಾತು, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಮೊದಲ ಎರಡು ತಿಂಗಳಲ್ಲಿ ತೂಕ 5 ಶೇಕಡಾ ಏರಿದವರಲ್ಲಿ ಸಾವಿನ ಅಪಾಯ 61 ಶೇಕಡಾ ಕಮ್ಮಿ ಇತ್ತು. 40 ಕೆಜಿ ಇರುವವರಿಗೆ 5 ಶೇಕಡಾ ಅಂದರೆ ಎರಡೇ ಕೆಜಿ.

ಹಾಗಂತ ಇದನ್ನು ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಔಷಧಿ ಪರೀಕ್ಷೆಯಲ್ಲಾದರೆ ಕೆಲವರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ ಕೊಟ್ಟು ಯಾರಿಗೆ ಯಾವುದು ಅಂತ ಗೊತ್ತಾಗದಂತೆ ಮಾಡಬಹುದು, ಅಕ್ಕಿ ಮೂಟೆಯನ್ನು ಹಾಗೆ ಮುಚ್ಚಿಡಲು ಆಗುತ್ತದೆಯೇ? ಮಧ್ಯದಲ್ಲಿ ಕೋವಿಡ್ ಬೇರೆ ಬಂತು, ಪಡಿತರ ಚೀಟಿ ಇದ್ದವರಿಗೆ ಕೇಂದ್ರದ ಉಚಿತ ಧಾನ್ಯವೂ ಬಂತು. ತೀರಾ ಬಡತನದ ಜಿಲ್ಲೆಗಳಲ್ಲಿ ಕಂಡ ಫಲ ಉಂಡು ತಿಂದು ಚೆನ್ನಾಗಿರುವ ಮನೆಗಳಲ್ಲೂ ಅಷ್ಟೇ ಇರುತ್ತದೆ ಅಂತ ಹೇಳುವುದು ಕಷ್ಟ. ಆದರೆ ನಮ್ಮಲ್ಲಿ ಟಿಬಿ ಜಾಸ್ತಿ ಕಾಡುವುದು ಯಾರನ್ನು ಅಂತ ನೋಡಿದರೆ, ಈ ಆಕ್ಷೇಪಕ್ಕೆ ಅಷ್ಟೊಂದು ತೂಕ ಇಲ್ಲ ಅನಿಸುತ್ತದೆ ನನಗೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕೆಂದರೆ ಊಟಕ್ಕೂ ಟಿಬಿಗೂ ನಂಟಿದೆ ಅನ್ನುವುದು ಹೊಸ ಮಾತೇನಲ್ಲ. ಮೈಸೂರಿನ ಪಿಕೆಟಿಬಿ ಥರದ ಸ್ಯಾನಿಟೋರಿಯಂಗಳ, ಅಂದರೆ ಟಿಬಿ ರೋಗಿಗಳನ್ನು ಬಹುಕಾಲ ಇಟ್ಟುಕೊಂಡು ನೋಡಿಕೊಳ್ಳುವ ಆಸ್ಪತ್ರೆಗಳ ಕಾಲದಲ್ಲಿ ಒಳ್ಳೆ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ ಇವೇ ಚಿಕಿತ್ಸೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ರೆಡ್‌ಕ್ರಾಸ್‌ನಿಂದ ಊಟದ ಪೊಟ್ಟಣ ಬರುತ್ತಿತ್ತು, ರಷ್ಯನ್ ಸೈನಿಕರಿಗೆ ಬರುತ್ತಿರಲಿಲ್ಲ. ರಷ್ಯನ್ನರಲ್ಲಿ ಟಿಬಿ ಹತ್ತು ಪಟ್ಟಿಗೂ ಜಾಸ್ತಿ ಕಂಡಿತು. ಆಮೇಲೆ ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಹೆಸರಾಂತ ಅಧ್ಯಯನ ಬಂತು. ಬಡ ರೋಗಿಗಳಲ್ಲಿ ಅರ್ಧ ಜನಕ್ಕೆ ಸ್ಯಾನಿಟೋರಿಯಂನಲ್ಲಿ, ಅರ್ಧ ಜನಕ್ಕೆ ಅವರವರ ಮನೆಯಲ್ಲೇ ಮಾತ್ರೆ. ಮನೆಯಲ್ಲಿ ಊಟ ಅಷ್ಟಕ್ಕಷ್ಟೇ, ಜಾಗವೂ ಇಕ್ಕಟ್ಟು, ಆದರೂ ಹೆಚ್ಚುಕಮ್ಮಿ ಅಷ್ಟೇ ಜನ ಗುಣವಾದರು. ಜಗತ್ತಿನ ಟಿಬಿ ಚಿಕಿತ್ಸೆಯನ್ನೇ ಬದಲಾಯಿಸಿದ ಕೆಲಸ ಅದು. ವರ್ಷಗಟ್ಟಲೆ ಊರು ಬಿಟ್ಟು ಮಲಗುವ ಕಷ್ಟ ತಪ್ಪಿಸಿತು, ಅದಕ್ಕೆ ನಾವು ಋಣಿಗಳೇ. ಆದರೆ ಅದು ತೋರಿಸಿದ್ದು ಮಾತ್ರೆ ಸರಿಯಾಗಿ ನುಂಗಿದರೆ ಕಡಿಮೆ ಊಟದಲ್ಲೂ ಗುಣ ಆಗಬಹುದು ಅಂತ. ನಾವು ಅರ್ಥ ಮಾಡಿಕೊಂಡಿದ್ದು ಊಟ ಲೆಕ್ಕಕ್ಕೇ ಇಲ್ಲ ಅಂತ. ಮನೆಯವರಿಗೆ ಟಿಬಿ ಬರದಂತೆ ತಡೆಯುವುದರಲ್ಲಿ ಊಟದ ಪಾತ್ರ ಏನು ಅನ್ನುವ ಪ್ರಶ್ನೆ ಹಾಗೇ ಬದಿಗೆ ಸರಿಯಿತು.

ಈಗ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆ ಇದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ, ನೇರ ರೋಗಿಯ ಖಾತೆಗೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಮೊದಲ ದಿನವೇ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ಸರಿಮಾಡಿಸಿಕೊಳ್ಳಿ. ದಾನಿಗಳು ಆಹಾರದ ಕಿಟ್ ಕೊಡುವ ನಿಕ್ಷಯ್ ಮಿತ್ರ ವ್ಯವಸ್ಥೆಯೂ ಇದೆ. ಸುಮ್ನೆ ಸಂಕೋಚ ಪಡಬೇಡಿ, ಕೇಳಿ ಪಡೆಯಿರಿ.

ಮಾತ್ರೆ ಬಿಡುವಂತಿಲ್ಲ, ಅದಂತೂ ಗೊತ್ತೇ ಇದೆ. ಚೆನ್ನಾಗಿ ಉಂಡೆ, ಕೆಮ್ಮು ನಿಂತಿತು ಅಂತ ಮಧ್ಯದಲ್ಲಿ ನಿಲ್ಲಿಸಿದರೆ ಔಷಧಿಗೆ ಜಗ್ಗದ ಟಿಬಿ ಆಗಿ ಕೂರಬಹುದು. ಅದಕ್ಕೂ ಈಗ ಆರು ತಿಂಗಳ ಹೊಸ ಮಾತ್ರೆಗಳ ಚಿಕಿತ್ಸೆ ಬಂದಿದೆ, ಬೆಡಾಕ್ವಿಲಿನ್, ಪ್ರೆಟೊಮನಿಡ್ ಎಲ್ಲ ಸೇರಿಸಿ. ಆದರೂ ಅಲ್ಲಿಯವರೆಗೆ ಹೋಗದಿರುವುದೇ ಒಳ್ಳೆಯದು.

ಮನೆಯಲ್ಲಿ ರೋಗಿಯ ತಟ್ಟೆ ಲೋಟ ಬೇರೆ ಇಡುತ್ತೀರಲ್ಲ, ಅದರಿಂದ ಪ್ರಯೋಜನ ಇಲ್ಲ. ಟಿಬಿ ಹರಡುವುದು ಗಾಳಿಯಲ್ಲಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಕಿಟಕಿ ತೆರೆದಿರಲಿ. ಅಕ್ಕಿ ಹೇಗೋ ಪಡಿತರದಲ್ಲಿ ಬರುತ್ತದೆ, ಕೊರತೆ ಬೀಳುವುದು ಬೇಳೆ ಕಾಳು, ಎಣ್ಣೆ, ಮೊಟ್ಟೆಗೆ. ಹುರುಳಿ, ಕಡಲೆ, ಶೇಂಗಾ, ಊರಲ್ಲಿ ಯಾವುದು ಅಗ್ಗವೋ ಅದು ಆಗುತ್ತದೆ. ದುಬಾರಿ ಪ್ರೊಟೀನ್ ಡಬ್ಬಿಗೆ ಸಾಲ ಮಾಡಬೇಡಿ.

ಚಿಕಿತ್ಸೆ ಶುರುವಾದ ದಿನ ರೋಗಿಯ ತೂಕ ನೋಡಿಸಿ, ಕಾರ್ಡಿನಲ್ಲಿ ಬರೆಸಿ. ಎರಡು ತಿಂಗಳಿಗೆ ಮತ್ತೆ ನೋಡಿಸಿ. ಏರಿಲ್ಲದಿದ್ದರೆ ಡಾಕ್ಟರಿಗೆ ನೀವೇ ಹೇಳಿ. ಮೊದಲೇ ತೀರಾ ಸೊರಗಿದ್ದು, ಕಾಲು ಊದಿಕೊಂಡಿದ್ದರೆ, ಉಸಿರು ಕಟ್ಟುತ್ತಿದ್ದರೆ, ಆಸರೆ ಇಲ್ಲದೆ ನಿಲ್ಲಲು ಆಗದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ತಮಿಳುನಾಡಿನಲ್ಲಿ 2022ರಿಂದ ಇಂಥ ಲಕ್ಷಣಗಳನ್ನೇ ನೋಡಿ ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದಾರೆ. ಮನೆಯ ಉಳಿದವರೂ ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತಪಾಸಣೆ ಮಾಡಿಸಿಕೊಳ್ಳಿ. ಕಾಯಿಲೆ ಇಲ್ಲ ಅಂತಾದರೆ, ಮುಂದೆ ಬರದ ಹಾಗೆ ತಡೆಯುವ ಮಾತ್ರೆಯೂ ಅಲ್ಲಿ ಉಚಿತವಾಗಿ ಸಿಗುತ್ತದೆ. ನಮಸ್ಕಾರ.