ಆ ಎಂಟು ಸೆಕೆಂಡು: ಹುಡುಗಿಯರ ಜೂನಿಯರ್ ಹಾಕಿ ನೋಡುವಾಗ

ನಮಸ್ಕಾರ ಎಲ್ಲರಿಗೂ. ಇವತ್ತು ಹುಡುಗಿಯರ ಹಾಕಿ ಬಗ್ಗೆ ಮಾತಾಡೋಣ. ಅದರಲ್ಲೂ 21 ವರ್ಷದೊಳಗಿನವರು ಆಡುವ ಜೂನಿಯರ್ ವಿಶ್ವಕಪ್. ಈಚೆಗೆ ರಾತ್ರಿ ಹೊತ್ತು ಹಳೆಯ ಪಂದ್ಯಗಳನ್ನು ಮತ್ತೆ ಹಾಕಿಕೊಂಡು ನೋಡುತ್ತಿದ್ದೇನೆ. ನೋಡ್ತಾ ನೋಡ್ತಾ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಈ ವಯಸ್ಸಿನ ಭಾರತ ತಂಡದ ದೊಡ್ಡ ದಿನಗಳಲ್ಲಿ ಹೆಚ್ಚಿನವು ಶೂಟ್‌ಔಟ್‌ಗೆ ಹೋಗಿಯೇ ತೀರ್ಮಾನವಾಗಿವೆ.

ಪಂದ್ಯ ಸಮ ಆದಾಗ ಗೆದ್ದವರು ಯಾರು ಅಂತ ತೀರ್ಮಾನಿಸಲು ಆಡಿಸುವ ಹಾಕಿಯ ಶೂಟ್‌ಔಟ್ ಫುಟ್‌ಬಾಲ್‌ನ ಪೆನಾಲ್ಟಿ ತರಹ ಅಲ್ಲ. ಈ ಹಾಳೆ ಮೇಲೆ ಬರೆದಿದ್ದೇನೆ, ನೋಡಿ. ಇದು ಗೋಲು. ಇದು 23 ಮೀಟರ್ ಗೆರೆ. ಚೆಂಡು ಈ ಗೆರೆಯ ಮೇಲೆ ಇರುತ್ತದೆ. ಗೋಲ್‌ಕೀಪರ್ ಗೋಲಿನ ಗೆರೆಯ ಮೇಲೆ ನಿಂತಿರುತ್ತಾಳೆ. ಅಂಪೈರ್ ಸೀಟಿ ಊದಿದ ಕೂಡಲೇ ಇಬ್ಬರೂ ಹೊರಡಬಹುದು. ಆಡುವವಳಿಗೆ ಸಿಗುವುದು ಎಂಟೇ ಸೆಕೆಂಡು. ಅಷ್ಟರಲ್ಲಿ ಅವಳು ಓಡಬೇಕು, ಕೀಪರನ್ನು ಮರುಳು ಮಾಡಬೇಕು, ಚೆಂಡನ್ನು ಒಳಗೆ ಹಾಕಬೇಕು. ಕೀಪರ್ ಚೆಂಡನ್ನು ಬಿಟ್ಟು ಬೇಕಂತಲೇ ಅವಳನ್ನೇ ಬೀಳಿಸಿದರೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಕೀಪರ್ ಒಬ್ಬಳೇ ಎದುರಿಗಿರುವಾಗ ಹತ್ತಿರದಿಂದ ಒಂದು ಹೊಡೆತ. ಒಂದು ತಂಡಕ್ಕೆ ಐದು ಅವಕಾಶ. ಆಗಲೂ ಸಮ ಆದರೆ ಸಡನ್ ಡೆತ್, ಅಂದರೆ ಒಂದೊಂದೇ ಅವಕಾಶ, ಅದರಲ್ಲಿ ಒಬ್ಬರು ಹಾಕಿ ಇನ್ನೊಬ್ಬರು ತಪ್ಪಿಸಿದರೆ ಅಲ್ಲಿಗೇ ಮುಗಿಯಿತು.

ಎಲ್ಲರ ಕಣ್ಣು ಸ್ಟಿಕ್ ಮೇಲೆ ಇರುತ್ತದೆ. ನಾನು ಮಾತ್ರ ಈಗ ಕೀಪರನ್ನೇ ನೋಡುತ್ತೇನೆ. ಅವಳು ಎರಡು ಹೆಜ್ಜೆ ಮುಂದೆ ಬಂದರೆ ಗೋಲು ಚಿಕ್ಕದಾಗಿ ಕಾಣುತ್ತದೆ. ಜಾಸ್ತಿ ಮುಂದೆ ಬಂದರೆ ಪಕ್ಕದಿಂದ ದಾಟಿಬಿಡುತ್ತಾರೆ. ಬೇಗ ಮಲಗಿದರೆ ಕತೆ ಮುಗಿಯಿತು. ಕಾಯಬೇಕು. ಹದಿನೆಂಟು, ಇಪ್ಪತ್ತು ವರ್ಷದ ಹುಡುಗಿ, ಅಷ್ಟೊಂದು ಒತ್ತಡದಲ್ಲಿ, ಸುಮ್ನೆ ಕಾಯುವುದು ಎಷ್ಟು ಕಷ್ಟ ಅಲ್ವಾ?

2013ಕ್ಕೆ ಹೋಗೋಣ. ಜರ್ಮನಿಯ ಮೊಂಚೆಂಗ್ಲಾಡ್‌ಬಾಖ್. ಸುಶೀಲಾ ಚಾನು ನಾಯಕಿ. ರಾಣಿ ರಾಂಪಾಲ್, ವಂದನಾ ಕಟಾರಿಯಾ, ನವನೀತ್ ಕೌರ್ ಎಲ್ಲ ಇದ್ದ ತಂಡ ಅದು. ಕಂಚಿಗಾಗಿ ಇಂಗ್ಲೆಂಡ್ ಜೊತೆ ಪಂದ್ಯ. 1-1. ಶೂಟ್‌ಔಟ್‌ನಲ್ಲಿ ಭಾರತ 3-2. ಜೂನಿಯರ್ ವಿಶ್ವಕಪ್‌ನಲ್ಲಿ ನಮ್ಮ ಹುಡುಗಿಯರಿಗೆ ಸಿಕ್ಕ ಮೊದಲ ಪದಕ ಅದು. ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ರಾಣಿಗೆ ಸಿಕ್ಕಿತು, ನ್ಯಾಯವಾಗಿಯೇ. ಆದರೆ ಆ ದಿನ ಗೋಲು ಕಾದವಳು ಜಾರ್ಖಂಡ್‌ನ ಬಿಗನ್ ಸೋಯ್. ಎಷ್ಟು ಜನರಿಗೆ ಈ ಹೆಸರು ಗೊತ್ತು? ಗೊತ್ತಿರಬೇಕಿತ್ತು ಅನ್ನುವುದು ನನ್ನ ಮಾತು.

ಮುಂದಿನ ಸಲ, 2016ರಲ್ಲಿ, ಭಾರತ ಟೂರ್ನಿಯಲ್ಲೇ ಇರಲಿಲ್ಲ.

ಆಮೇಲೆ ಬಂದದ್ದು ಪಾಚೆಫ್‌ಸ್ಟ್ರೂಮ್. ದಕ್ಷಿಣ ಆಫ್ರಿಕಾ. 2021ರ ಡಿಸೆಂಬರ್‌ನಲ್ಲಿ ಆಗಬೇಕಿದ್ದ ವಿಶ್ವಕಪ್ ಕೊರೊನಾ ಕಾರಣಕ್ಕೆ 2022ರ ಏಪ್ರಿಲ್‌ಗೆ ಹೋಯಿತು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದ್ರೆ ನನಗೆ ತುಂಬಾ ಇಷ್ಟವಾದ ತಂಡ ಇದು. ನಾಯಕಿ ಸಲೀಮಾ ಟೆಟೆ, ಜಾರ್ಖಂಡ್‌ನ ಸಿಮ್‌ಡೇಗಾದವಳು. ಅಷ್ಟರಲ್ಲಾಗಲೇ ಟೋಕಿಯೊ ಒಲಿಂಪಿಕ್ಸ್ ಆಡಿ ಬಂದಿದ್ದಳು. ಮಿಜೋರಾಂನ ಲಾಲ್ರೆಮ್ಸಿಯಾಮಿ, ಹರಿಯಾಣದ ಶರ್ಮಿಳಾ ದೇವಿ ಕೂಡ ಅದೇ ಒಲಿಂಪಿಕ್ಸ್‌ನವರು. ಮತ್ತೆ ಮುಮ್ತಾಜ್ ಖಾನ್. ಲಕ್ನೋದಲ್ಲಿ ಗಾಡಿಯಲ್ಲಿ ತರಕಾರಿ ಮಾರುವ ಮನೆಯ ಮಗಳು. ಎದುರಾಳಿಯ ಸರ್ಕಲ್‌ನೊಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ, ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಅವಳು ಮೊದಲೇ ಇರುತ್ತಾಳೆ. ಆ ಟೂರ್ನಿಯಲ್ಲಿ ಎಂಟು ಗೋಲು ಹೊಡೆದಳು.

ವೇಲ್ಸ್ ವಿರುದ್ಧ 5-1. ಜರ್ಮನಿ ವಿರುದ್ಧ 2-1. ಈ ಜರ್ಮನಿ ಮುಂದೆ ಫೈನಲ್‌ವರೆಗೂ ಹೋಯಿತು ಅನ್ನುವುದನ್ನು ನೆನಪಿಡಿ. ಮಲೇಷ್ಯಾ ವಿರುದ್ಧ 4-0. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 3-0. ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ಎದುರು 0-3 ಸೋಲು. ಕೊನೆಗೆ ಕಪ್ ಗೆದ್ದದ್ದೂ ನೆದರ್ಲೆಂಡ್ಸೇ.

ಕಂಚಿನ ಪಂದ್ಯಕ್ಕೆ ಮತ್ತೆ ಎದುರಿಗೆ ಬಂದದ್ದು ಇಂಗ್ಲೆಂಡ್. ಮೊದಲ ಗೋಲು ಅವರದ್ದು. ಮುಮ್ತಾಜ್ ಸಮ ಮಾಡಿದಳು. ನಾಲ್ಕನೇ ಕ್ವಾರ್ಟರ್‌ನಲ್ಲಿ ಅವಳದ್ದೇ ಇನ್ನೊಂದು. 2-1. ಕೊನೆಯ ನಿಮಿಷಗಳಲ್ಲಿ ಇಂಗ್ಲೆಂಡ್ ಮತ್ತೆ ಸಮ ಮಾಡಿತು. ಶೂಟ್‌ಔಟ್‌ನಲ್ಲಿ ಭಾರತಕ್ಕೆ ಒಂದೂ ಗೋಲು ಬರಲಿಲ್ಲ. 0-3. ನಾಲ್ಕನೇ ಸ್ಥಾನ.

ಆ ಕೊನೆಯ ಭಾಗ ನೋಡುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಪದಕ ಬಂದರೆ ವಿಮಾನ ನಿಲ್ದಾಣದಲ್ಲಿ ಹಾರ, ಬರದಿದ್ದರೆ ಹೆಸರೂ ಇಲ್ಲ. ಇದು ಸರಿ ಅಲ್ಲ. ಫೈನಲ್ ಆಡಿದ ತಂಡವನ್ನು ಸೋಲಿಸಿ ಬಂದ ಹುಡುಗಿಯರು ಅವರು. ಕೆಲವು ಸೆಕೆಂಡು ಆಚೀಚೆ ಆಗಿದ್ದರೆ 2013ರಂತೆ ಇದನ್ನೂ ಎಲ್ಲರೂ ಹೇಳಿಕೊಂಡು ತಿರುಗುತ್ತಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ದೇಶದ ಮೂಲೆ ಮೂಲೆಯಿಂದ ಬರುವ ಈ ಹುಡುಗಿಯರ ಕ್ಯಾಂಪ್ ನಡೆಯುವುದು ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಮನೆಯಿಂದ ದೂರ, ಭಾಷೆ ಬೇರೆ, ಊಟ ಬೇರೆ. ಅವರು ಬೆವರು ಸುರಿಸುವುದು ನಮ್ಮೂರಲ್ಲೇ. ಅವರ ಪಂದ್ಯ ಇದ್ದಾಗ ನಾವಾದರೂ ಟಿವಿ ಹಾಕಬೇಕು.

2023ರಲ್ಲಿ ಜಪಾನ್‌ನ ಕಾಕಾಮಿಗಹಾರಾದಲ್ಲಿ ಭಾರತ ಮೊದಲ ಸಲ ಮಹಿಳೆಯರ ಜೂನಿಯರ್ ಏಷ್ಯಾ ಕಪ್ ಗೆದ್ದಿತು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ 2-1. ಅಲ್ಲಿ ಶೂಟ್‌ಔಟ್ ಬೇಕಾಗಲಿಲ್ಲ. ಮುಂದಿನ ವರ್ಷ ಮಸ್ಕತ್‌ನಲ್ಲಿ ಅದೇ ಏಷ್ಯಾ ಕಪ್‌ನ ಫೈನಲ್‌ಗೆ ಬೇಕಾಯಿತು. ಡಿಸೆಂಬರ್ 15, 2024. ನಾಯಕಿ ಜ್ಯೋತಿ ಸಿಂಗ್. ಎದುರಿಗೆ ಚೀನಾ. ಚೀನಾ ಮೊದಲು ಗೋಲು ಹೊಡೆಯಿತು, ಕನಿಕಾ ಸಿವಾಚ್ ಸಮ ಮಾಡಿದಳು. 1-1. ಮತ್ತದೇ ಗೆರೆ, ಮತ್ತದೇ ಎಂಟು ಸೆಕೆಂಡು.

ಗೋಲಿನಲ್ಲಿ ನಿಧಿ. ಮೂರು ಪ್ರಯತ್ನಗಳನ್ನು ತಡೆದಳು. ಭಾರತ 3-2. ಅವಳು ಏನು ಮಾಡಿದಳು ಅಂತ ನಿಧಾನವಾಗಿ ಓಡಿಸಿ ನೋಡಿ. ಕೈಕಾಲು ಬೀಸುವುದಕ್ಕಿಂತ ಅವಳ ಪಾದಗಳನ್ನು ಗಮನಿಸಿ. ಎದುರಿನವಳು ಯಾವ ಕಡೆ ತಿರುಗುತ್ತಾಳೋ ಆ ಕಡೆಗೆ ಚಿಕ್ಕ ಚಿಕ್ಕ ಹೆಜ್ಜೆ ಇಡಬೇಕು. ಎಂಟು ಸೆಕೆಂಡು ಮುಗಿದರೆ ಕೀಪರ್ ಗೆದ್ದ ಹಾಗೆ. ಗಡಿಯಾರ ಅವಳ ಕಡೆ ಇರುತ್ತದೆ.

2025ರ ಜೂನಿಯರ್ ವಿಶ್ವಕಪ್ ಚಿಲಿಯ ಸ್ಯಾಂಟಿಯಾಗೊದಲ್ಲಿ, 24 ತಂಡಗಳೊಂದಿಗೆ ನಡೆಯಿತು. ಭಾರತ ಹತ್ತನೇ ಸ್ಥಾನ. ಬೇಸರದ ಫಲಿತಾಂಶವೇ. ಆದರೂ ಅಲ್ಲಿ ಉರುಗ್ವೆ ವಿರುದ್ಧದ ಪಂದ್ಯವನ್ನು ಶೂಟ್‌ಔಟ್‌ನಲ್ಲಿ ಗೆದ್ದರು. ನೀವು ಒಂದೇ ಪಂದ್ಯ ನೋಡುವುದಾದರೆ ಮಸ್ಕತ್ ಫೈನಲ್ ನೋಡಿ. ಎರಡು ನೋಡುವುದಾದರೆ ಪಾಚೆಫ್‌ಸ್ಟ್ರೂಮ್‌ನಲ್ಲಿ ಜರ್ಮನಿ ವಿರುದ್ಧ ಆಡಿದ್ದನ್ನೂ ನೋಡಿ. ಬಿಗನ್ ಸೋಯ್ ಆಟವನ್ನು ಆಗ ನೇರವಾಗಿ ನೋಡಿದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ, ನನಗೆ ಓದುವ ಆಸೆ ಇದೆ.