ಸೆಕೆಂಡ್ ಗೇರ್ ಯಾಕೆ ಕರ್ರ್ ಅನ್ನುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ. ಸಂಪಾಜೆ ಘಾಟಿಯಲ್ಲಿ ಕಾರು ಓಡಿಸಿದವನು ಎಲ್ಲಿ ಬೇಕಾದರೂ ಓಡಿಸುತ್ತಾನೆ ಅಂತ ಕೊಡಗಿನವರಿಗೆ ಒಂದು ಹೆಮ್ಮೆ ಇದೆ. ಸುಳ್ಳೇನಲ್ಲ. ತೋಟದ ಏರು, ಮಳೆಗಾಲದ ಕೆಸರು, ಮಾಕುಟ್ಟದ ತಿರುವು, ಇದನ್ನೆಲ್ಲ ದಾಟಿ ಬಂದ ಕೈ ಪಳಗಿರುತ್ತದೆ. ಆದರೆ ಗೇರ್ ಬಾಕ್ಸ್ ಇಳಿಸಿ ಬಿಚ್ಚುವ ನನ್ನಂಥವರಿಗೆ ಇನ್ನೊಂದು ವಿಷಯವೂ ಕಾಣುತ್ತದೆ. ಹುಡುಗರು ಓಡಿಸಿದ ಗಾಡಿ ಬಂದರೆ ಬಿಚ್ಚುವ ಮೊದಲೇ ಹೇಳಬಹುದು, ಸೆಕೆಂಡ್ ಗೇರ್ ರಿಂಗ್ ಹೋಗಿದೆ ಅಂತ. ಉಳಿದ ಗೇರ್‌ಗಳ ರಿಂಗ್ ಇನ್ನೂ ಚೆನ್ನಾಗಿರುತ್ತದೆ. ಸೆಕೆಂಡ್ ಮಾತ್ರ ಸವೆದು ನುಣ್ಣಗೆ. ಯಾಕೆ ಸೆಕೆಂಡೇ ಮೊದಲು ಹೋಗುತ್ತದೆ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡಿ. ಈಗಿನ ಕಾರುಗಳಲ್ಲಿ ಮುಂದಕ್ಕೆ ಹೋಗುವ ಗೇರ್‌ಗಳೆಲ್ಲ ಯಾವಾಗಲೂ ಜೋಡಿ ಜೋಡಿಯಾಗಿ ಹಲ್ಲು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನೀವು ಲಿವರ್ ತಳ್ಳಿದಾಗ ಸರಿಯುವುದು ಗೇರ್ ಅಲ್ಲ, ಸ್ಲೀವ್ ಅನ್ನುವ ಒಂದು ದಪ್ಪ ಉಂಗುರ. ಅದು ಹೋಗಿ ಗೇರ್‌ನ ಪಕ್ಕದಲ್ಲಿರುವ ಚಿಕ್ಕ ಹಲ್ಲುಗಳ ಮೇಲೆ ಕೂತರೆ ಆ ಗೇರ್ ಶಾಫ್ಟ್‌ಗೆ ಬಿಗಿಯಾಯಿತು, ಗಾಡಿ ಎಳೆಯಿತು. ಆದರೆ ಶಾಫ್ಟ್ ಒಂದು ವೇಗದಲ್ಲಿ, ಗೇರ್ ಇನ್ನೊಂದು ವೇಗದಲ್ಲಿ ತಿರುಗುತ್ತಿದ್ದರೆ ಕೂರುವುದು ಹೇಗೆ? ಅದಕ್ಕೇ ನಡುವೆ ಸಿಂಕ್ರೊನೈಸರ್ ರಿಂಗ್. ಹೆಚ್ಚಾಗಿ ಹಿತ್ತಾಳೆಯದು, ಒಳಮೈಯಲ್ಲಿ ಸಣ್ಣ ಸಣ್ಣ ಗೀರು. ಅದು ಗೇರ್‌ನ ಮೈಗೆ ಒತ್ತಿ ಉಜ್ಜುತ್ತದೆ, ಎರಡರ ವೇಗ ಒಂದಾಗುವವರೆಗೆ ಸ್ಲೀವ್‌ನ್ನು ಮುಂದೆ ಬಿಡುವುದಿಲ್ಲ. ಓಡುವ ಬಸ್ ಹತ್ತುವವನು ಮೊದಲು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಈ ರಿಂಗ್ ಮಾಡುವುದೂ ಅದನ್ನೇ.

ಈಗ ಸ್ವಲ್ಪ ಲೆಕ್ಕ. ಸಣ್ಣ ಪೆಟ್ರೋಲ್ ಕಾರೊಂದರಲ್ಲಿ ಫಸ್ಟ್ ಗೇರ್ ಅನುಪಾತ ಸುಮಾರು 3.5, ಸೆಕೆಂಡ್ ಸುಮಾರು 1.9 ಇರುತ್ತದೆ, ಅಂದರೆ ಗೇರ್ ಬಾಕ್ಸ್‌ನಿಂದ ಹೊರಗೆ ಹೋಗುವ ಶಾಫ್ಟ್ ಒಂದು ಸುತ್ತು ತಿರುಗಲು ಇಂಜಿನ್ ಅಷ್ಟು ಸುತ್ತು ತಿರುಗಬೇಕು. ಫಸ್ಟ್‌ನಲ್ಲಿ ನಿಮಿಷಕ್ಕೆ 6000 ಸುತ್ತಿನವರೆಗೆ ಕಿರುಚಿಸಿ ಸೆಕೆಂಡ್‌ಗೆ ಹಾಕಿದಿರಿ ಅನ್ನಿ. ಕ್ಲಚ್ ಪ್ಲೇಟ್, ಅದರ ಶಾಫ್ಟ್, ಅದಕ್ಕೆ ಸೇರಿದ ಗೇರ್‌ಗಳು, ಇವೆಲ್ಲ ಒಟ್ಟಿಗೆ 6000ದಿಂದ ಸುಮಾರು 3250ಕ್ಕೆ ಇಳಿಯಬೇಕು. ಇಳಿಸಬೇಕಾದದ್ದು ಆ ಒಂದು ರಿಂಗ್. ಅದೇ ಫೋರ್ತ್‌ನಿಂದ ಫಿಫ್ತ್‌ಗೆ ಹಾಕುವಾಗ 6000ದಿಂದ 4700ರ ಹತ್ತಿರ ಬಂದರೆ ಸಾಕು. ವೇಗದ ವ್ಯತ್ಯಾಸ ಎರಡರಷ್ಟಾದರೆ ಹುಟ್ಟುವ ಬಿಸಿ ನಾಲ್ಕರಷ್ಟು. ಹಾಗಾಗಿ ಸೆಕೆಂಡ್‌ನ ರಿಂಗ್‌ಗೆ ನಾಲ್ಕು ಪಟ್ಟು ಜಾಸ್ತಿ ಕೆಲಸ, ಅದರ ಮೇಲೆ ನಮ್ಮ ರಸ್ತೆಗಳಲ್ಲಿ ದಿನವಿಡೀ ಸೆಕೆಂಡ್-ಥರ್ಡ್, ಥರ್ಡ್-ಸೆಕೆಂಡ್ ಅಂತ ಓಡಾಟ ಬೇರೆ. ಕಂಪನಿಯವರಿಗೆ ಇದು ಗೊತ್ತಿಲ್ಲ ಅಂತಲ್ಲ, ಎಷ್ಟೋ ಕಾರುಗಳಲ್ಲಿ ಕೆಳಗಿನ ಗೇರ್‌ಗಳಿಗೆ ಎರಡು ಮೂರು ಪದರದ ರಿಂಗ್ ಕೊಟ್ಟಿರುತ್ತಾರೆ. ಆದರೂ ಅದಕ್ಕೆ ಸಮಯ ಬೇಕು. ಜಾಸ್ತಿ ಏನಲ್ಲ, ಅರ್ಧ ಸೆಕೆಂಡ್ ಸಾಕು. ಅಷ್ಟನ್ನೂ ಕೊಡದೆ ಲಿವರ್‌ಗೆ ಗುದ್ದಿದರೆ ರಿಂಗ್ ತಡೆಯುವ ಮೊದಲೇ ಸ್ಲೀವ್ ನುಗ್ಗಿ ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದೇ ಕರ್ರ್ ಸದ್ದು. ಪ್ರತಿ ಕರ್ರ್‌ಗೂ ಚೂಪಾಗಿದ್ದ ಹಲ್ಲಿನ ತುದಿ ಸ್ವಲ್ಪ ಮೊಂಡಾಗುತ್ತದೆ, ಮೊಂಡಾದಷ್ಟೂ ಮುಂದಿನ ಸಲ ಕೂರುವುದು ಕಷ್ಟ, ಕೊನೆಗೆ ಒಂದು ದಿನ ಏರಿನಲ್ಲಿ ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬಂದು ಬಿಡುತ್ತದೆ.

ಹುಡುಗರು ಇದನ್ನು ಎಲ್ಲಿಂದ ಕಲಿಯುತ್ತಾರೆ ಅಂತ ನನಗೆ ಗೊತ್ತು. ಗದ್ದೆ ಕೊಯ್ಲಾದ ಮೇಲೆ ನಮ್ಮಲ್ಲಿ ಆಟೋಕ್ರಾಸ್ ಅನ್ನುವ ಕಾರು ಸ್ಪರ್ಧೆ ನಡೆಯುತ್ತದೆ, ರ್‍ಯಾಲಿ ಹುಚ್ಚು ಇಲ್ಲಿನ ಮಣ್ಣಿನಲ್ಲೇ ಇದೆ, ಮೊಬೈಲ್‌ನಲ್ಲಿ ರ್‍ಯಾಲಿ ಕಾರಿನ ಒಳಗಿನ ವಿಡಿಯೋ ನೋಡಿದರೆ ಚಾಲಕ ಲಿವರ್‌ನ್ನು ಟಕ್ ಟಕ್ ಅಂತ ಹೊಡೆಯುತ್ತಿರುತ್ತಾನೆ. ನೋಡೋಕೆ ಚಂದವೇ. ಆದರೆ ಆ ಕಾರಿನ ಗೇರ್ ಬಾಕ್ಸೇ ಬೇರೆ ಸ್ವಾಮಿ. ದೊಡ್ಡ ಮಟ್ಟದ ರ್‍ಯಾಲಿ ಕಾರುಗಳಲ್ಲಿ ಡಾಗ್ ಬಾಕ್ಸ್ ಇರುತ್ತದೆ. ಅದರಲ್ಲಿ ಸಿಂಕ್ರೊ ರಿಂಗೇ ಇಲ್ಲ. ದಪ್ಪ ದಪ್ಪ ಹಲ್ಲು, ನಡುವೆ ದೊಡ್ಡ ಸಂದು. ಅದಕ್ಕೆ ನಿಧಾನವಾಗಿ ಗೇರ್ ಹಾಕಿದರೇ ತೊಂದರೆ, ಹಲ್ಲುಗಳು ಒಂದರ ಮೇಲೊಂದು ಜಾರಿ ಅಂಚು ಸವೆಯುತ್ತದೆ, ಆದ್ದರಿಂದ ಅಲ್ಲಿ ಗಟ್ಟಿಯಾಗಿ, ಚುರುಕಾಗಿ ಹೊಡೆಯುವುದೇ ಸರಿಯಾದ ಕ್ರಮ. ನಿಮ್ಮ ಮನೆ ಕಾರಿಗೆ ಬೇಕಾದದ್ದು ಅದಕ್ಕೆ ಪೂರ್ತಿ ತಿರುಗಾಮುರುಗಾ. ಇನ್ನೂ ಒಂದು ಮಾತು: ರ್‍ಯಾಲಿ ತಂಡದವರು ಗೇರ್ ಬಾಕ್ಸ್‌ನ್ನು ಆಗಾಗ ಬಿಚ್ಚಿ, ಸವೆದದ್ದನ್ನು ಬದಲಾಯಿಸುತ್ತಾರೆ. ನೀವು ಬಿಚ್ಚಿಸುವುದು ಅದು ಕೆಟ್ಟು ನಿಂತ ಮೇಲೆ.

ಇನ್ನೊಂದು ಚಾಳಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯದೆಯೇ ಗೇರ್ ಬದಲಿಸುವುದು. ಫ್ಲಾಟ್ ಶಿಫ್ಟ್ ಅಂತಾರೆ. ಕ್ಲಚ್ ಒತ್ತಿದ ಕೂಡಲೇ ಭಾರ ಇಲ್ಲದ ಇಂಜಿನ್ ಜೋರಾಗಿ ಮೇಲೆ ಹಾರುತ್ತದೆ. ಮೇಲಿನ ಗೇರ್‌ಗೆ ಹೋಗುವಾಗ ಇಂಜಿನ್ ವೇಗ ಇಳಿಯಬೇಕು, ಇಲ್ಲಿ ಏರುತ್ತಿದೆ. ಕ್ಲಚ್ ಬಿಟ್ಟಾಗ ಆ ವ್ಯತ್ಯಾಸವನ್ನೆಲ್ಲ ನುಂಗಬೇಕಾದದ್ದು ಕ್ಲಚ್ ಪ್ಲೇಟ್. ಪ್ಲೇಟ್ ಸುಡುತ್ತದೆ, ಫ್ಲೈವೀಲ್ ಮೇಲೆ ನೀಲಿ ಕಲೆ ಬೀಳುತ್ತದೆ, ಆ ಒದೆತ ಡ್ರೈವ್ ಶಾಫ್ಟ್ ಜಾಯಿಂಟ್‌ಗೂ ಇಂಜಿನ್ ಮೌಂಟಿಂಗ್‌ಗೂ ಬೀಳುತ್ತದೆ. ಇಷ್ಟೆಲ್ಲ ಮಾಡಿ ಉಳಿಸಿದ ಸಮಯ? ಮುಂದೆ ಕಾಫಿ ಮೂಟೆ ತುಂಬಿದ ಪಿಕಪ್ ಸಿಕ್ಕಿದರೆ ಅದೂ ಹೋಯಿತು.

ಎಲ್ಲಕ್ಕಿಂತ ದುಬಾರಿಯ ತಪ್ಪು ಬೇರೆಯೇ ಇದೆ. ಲಿವರ್‌ನ್ನು ಬಿಗಿ ಮುಷ್ಟಿಯಲ್ಲಿ ಹಿಡಿದು ಅವಸರದಲ್ಲಿ ಎಳೆಯುವವರಿಗೆ ಆಗುವಂಥದ್ದು. ಥರ್ಡ್‌ನಲ್ಲಿ 6000ದಲ್ಲಿದ್ದೀರಿ, ಫೋರ್ತ್‌ಗೆ ಎಳೆಯಬೇಕು, ಕೈ ಸ್ವಲ್ಪ ಎಡಕ್ಕೆ ಒತ್ತಿ ಸೆಕೆಂಡ್‌ಗೆ ಹೋಯಿತು. ಕ್ಲಚ್ ಬಿಟ್ಟ ಕ್ಷಣ ಚಕ್ರಗಳು ಇಂಜಿನ್‌ನ್ನು 8500ರ ಮೇಲೆ ತಿರುಗಿಸುತ್ತವೆ. ರೆವ್ ಲಿಮಿಟರ್ ಇದೆಯಲ್ಲ ಅಂತೀರಾ? ಅದು ಪೆಟ್ರೋಲ್ ನಿಲ್ಲಿಸಬಲ್ಲದು, ಉರುಳುವ ಚಕ್ರವನ್ನಲ್ಲ. ಅಷ್ಟು ವೇಗದಲ್ಲಿ ವಾಲ್ವ್ ಸ್ಪ್ರಿಂಗ್‌ಗಳಿಗೆ ವಾಲ್ವ್‌ನ್ನು ಹೊತ್ತಿಗೆ ಸರಿಯಾಗಿ ಮುಚ್ಚಲು ಆಗುವುದಿಲ್ಲ, ಪಿಸ್ಟನ್ ಬಂದು ಬಡಿಯುತ್ತದೆ, ವಾಲ್ವ್ ಬಾಗುತ್ತದೆ. ಗೇರ್ ಬಾಕ್ಸ್ ಅಲ್ಲ, ಇಂಜಿನ್ನೇ ಇಳಿಸಬೇಕಾಗುತ್ತದೆ. ಇದಕ್ಕೆ ಮದ್ದು ತುಂಬ ಸುಲಭ. ಸಾಮಾನ್ಯವಾಗಿ ನ್ಯೂಟ್ರಲ್‌ನಲ್ಲಿ ಕೈ ಬಿಟ್ಟರೆ ಲಿವರ್ ತಾನಾಗಿ ಥರ್ಡ್-ಫೋರ್ತ್ ಸಾಲಿಗೆ ಬಂದು ನಿಲ್ಲುತ್ತದೆ, ಒಳಗೆ ಸ್ಪ್ರಿಂಗ್ ಇದೆ. ಮುಷ್ಟಿ ಬಿಡಿ, ಅಂಗೈಯಿಂದ ಮೆಲ್ಲಗೆ ನೇರ ಎಳೆಯಿರಿ. ದಾರಿ ಅದಕ್ಕೇ ಗೊತ್ತು.

ಈಗ ಘಾಟಿ ಇಳಿಯುವ ವಿಷಯ. ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿಂದ ಸಂಪಾಜೆಗೆ ಇಳಿಯುವಾಗ ಎಷ್ಟೋ ಜನ ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುತ್ತಾರೆ. ದಯವಿಟ್ಟು ಬೇಡ. ಇಂಜೆಕ್ಷನ್ ಇಂಜಿನ್‌ಗಳಲ್ಲಿ ಗೇರ್‌ನಲ್ಲಿಟ್ಟು ಕಾಲು ತೆಗೆದರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಬೇಕಾದಷ್ಟು ಉರಿಯುತ್ತಲೇ ಇರುತ್ತದೆ. ಬ್ರೇಕ್ ಕಾದು ಹಿಡಿಯದೆ ಹೋಗುವ ಅಪಾಯ ಬೇರೆ. ಇನ್ನು ಕೆಲವರಿಗೆ ಹೆದರಿಕೆ, ಸೆಕೆಂಡ್ ಥರ್ಡ್‌ನಲ್ಲಿ ಇಂಜಿನ್ ಹಿಡಿತದಲ್ಲಿ ಇಳಿದರೆ ಗೇರ್ ಬಾಕ್ಸ್ ಹಾಳಾಗುತ್ತದೆ ಅಂತ. ಆಗುವುದಿಲ್ಲ. ಏರು ಹತ್ತುವಾಗ ಗೇರ್ ಹಲ್ಲು ಹೊರುವ ಭಾರದ ಮುಂದೆ ಇದು ಏನೂ ಅಲ್ಲ.

ಹಾಳಾಗುವುದು ಆ ಗೇರ್‌ಗೆ ಬರುವ ರೀತಿಯಲ್ಲಿ. ತಿರುವಿನ ಹತ್ತಿರ ಜೋರಾಗಿ ಬಂದು, ಬ್ರೇಕ್ ಒತ್ತುವ ಬದಲು ಗೇರ್ ಇಳಿಸಿ, ಕ್ಲಚ್ ಧಡ್ ಅಂತ ಬಿಟ್ಟು ಗಾಡಿ ನಿಧಾನ ಮಾಡುವವರಿದ್ದಾರೆ. ಬ್ರೇಕ್ ಪ್ಯಾಡ್ ಬದಲಾಯಿಸುವುದು ಸುಲಭದ ಕೆಲಸ, ಕ್ಲಚ್‌ಗೆ ಗೇರ್ ಬಾಕ್ಸ್ ಇಳಿಸಲೇಬೇಕು. ಯಾವುದು ಸವೆದರೆ ಲೇಸು ನೀವೇ ಹೇಳಿ. ಬ್ರೇಕ್‌ನಿಂದ ಮೊದಲು ವೇಗ ಇಳಿಸಿ, ಆಮೇಲೆ ಗೇರ್ ಇಳಿಸಿ. ಇಳಿಸುವಾಗ ಕ್ಲಚ್ ಬಿಡುವ ಮೊದಲು ಒಂದು ಸಣ್ಣ ರೇಸ್ ಕೊಡಿ, ಇಂಜಿನ್ ಕೆಳ ಗೇರ್‌ಗೆ ಬೇಕಾದ ವೇಗಕ್ಕೆ ಏರುತ್ತದೆ, ಗಾಡಿ ಜಗ್ಗುವುದಿಲ್ಲ. ಓಡುವ ಗಾಡಿಯನ್ನು ಫಸ್ಟ್‌ಗೆ ಮಾತ್ರ ತಳ್ಳಬೇಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಫಸ್ಟ್‌ಗೆ ಹಾಕಿದರೆ, ನೀವು ಕ್ಲಚ್ ಒತ್ತಿಕೊಂಡೇ ಇದ್ದರೂ ಆ ರಿಂಗ್ ಕ್ಲಚ್ ಪ್ಲೇಟ್‌ನ್ನು ನಿಮಿಷಕ್ಕೆ 5000 ಸುತ್ತಿನ ಹತ್ತಿರ ಎಳೆದು ತಿರುಗಿಸಬೇಕು. ಗೇರ್ ಬೀಳಲು ಹಟ ಮಾಡುವುದು ಅದಕ್ಕೇ.

ಹಳೆಯ ಜೀಪ್ ಓಡಿಸಿದ ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಿಂಕ್ರೊ ರಿಂಗ್ ಕಾರಿಗೆ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್‌ನಲ್ಲಿ. ಆದರೆ ಅದೆಷ್ಟೋ ವರ್ಷಗಳ ನಂತರವೂ ತೋಟಗಳಲ್ಲಿ ಓಡುತ್ತಿದ್ದ ಮೂರು ಗೇರ್‌ನ ಮಹೀಂದ್ರಾ ಜೀಪುಗಳಲ್ಲಿ ಫಸ್ಟ್‌ಗೆ ಸಿಂಕ್ರೊ ಇರಲಿಲ್ಲ. ಓಡುತ್ತಿರುವಾಗ ಫಸ್ಟ್ ಬೇಕೆಂದರೆ ಡಬಲ್ ಕ್ಲಚ್ಚೇ ಗತಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸ್, ಮತ್ತೆ ಕ್ಲಚ್ ಒತ್ತಿ ಗೇರ್. ರಿಂಗ್ ಮಾಡಬೇಕಾದ ಕೆಲಸವನ್ನು ಕಾಲೇ ಮಾಡುತ್ತಿತ್ತು. ಈಗಿನ ಕಾರಿಗೆ ದಿನವೂ ಡಬಲ್ ಕ್ಲಚ್ ಬೇಕಿಲ್ಲ. ಆದರೆ ಸೆಕೆಂಡ್‌ನ ರಿಂಗ್ ಸವೆದ ಗಾಡಿಯನ್ನು ರಿಪೇರಿ ಆಗುವವರೆಗೆ ಹೇಗೋ ನಿಭಾಯಿಸಲು ಈ ವಿದ್ಯೆ ಈಗಲೂ ಕೆಲಸಕ್ಕೆ ಬರುತ್ತದೆ.

ಸಣ್ಣ ಸಣ್ಣ ಅಭ್ಯಾಸಗಳೂ ಇವೆ. ಲಿವರ್ ಮೇಲೆ ಸುಮ್ನೆ ಕೈ ಇಟ್ಟುಕೊಂಡು ಓಡಿಸಿದರೆ ಆ ಭಾರ ಒಳಗೆ ಸ್ಲೀವ್‌ನ್ನು ತಳ್ಳುವ ಫೋರ್ಕ್‌ಗೆ ಹೋಗಿ ಅದು ತಿರುಗುವ ಸ್ಲೀವ್‌ಗೆ ಉಜ್ಜುತ್ತದೆ. ಕ್ಲಚ್ ಪೆಡಲ್ ಮೇಲೆ ಕಾಲು ಇಟ್ಟೇ ಇದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಹೋಗುತ್ತದೆ. ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಿಕೊಳ್ಳುವುದಂತೂ ವಾರಾಂತ್ಯದಲ್ಲಿ ರಾಜಾಸೀಟ್ ಕಡೆ ಹೋದರೆ ಮೂಗಿಗೇ ಗೊತ್ತಾಗುತ್ತದೆ. ಹ್ಯಾಂಡ್ ಬ್ರೇಕ್ ಇರುವುದು ಇದಕ್ಕೇ, ಪಾಪ, ಬಯಲುಸೀಮೆಯಿಂದ ಬಂದವರಿಗೆ ಯಾರೂ ಹೇಳಿರುವುದಿಲ್ಲ.

ಗೇರ್ ಆಯಿಲ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಇದನ್ನು ಮರೆಯುತ್ತಾರೆ. ಡಿಸೆಂಬರ್ ಜನವರಿಯ ಚಳಿಯಲ್ಲಿ ಬೆಳಿಗ್ಗೆ ಗೇರ್ ಬಿಗಿ ಇರುತ್ತದೆ. ಆಯಿಲ್ ಗಟ್ಟಿಯಾಗಿದೆ, ರಿಂಗ್ ಅದನ್ನು ಒರೆಸಿ ತಳ್ಳಿ ಆಮೇಲೆ ಹಿಡಿಯಬೇಕು. ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಹಾಕಿದರೆ ಆಯಿತು. ಹಾಗಂತ ಸಿಕ್ಕಿದ ಆಯಿಲ್ ಸುರಿಯಬೇಡಿ. ಕಾರಿನ ಪುಸ್ತಕದಲ್ಲಿ ಗೇರ್ ಆಯಿಲ್‌ನ ದರ್ಜೆ ಜಿಎಲ್-4 ಅಂತ ಇದ್ದರೆ ಅದನ್ನೇ ಹಾಕಿಸಿ. ಜಿಎಲ್-5 ಅದಕ್ಕಿಂತ ದೊಡ್ಡ ನಂಬರ್, ಅಂದರೆ ಅದಕ್ಕಿಂತ ಒಳ್ಳೆಯದು ಅಂದುಕೊಳ್ಳುವವರು ಜಾಸ್ತಿ. ಅದರಲ್ಲಿ ಗಂಧಕ-ರಂಜಕದ ರಾಸಾಯನಿಕ ಹೆಚ್ಚಿರುತ್ತದೆ, ಆಕ್ಸಲ್ ಗೇರ್‌ಗಳಿಗೆ ಸರಿ, ಆದರೆ ಕೆಲವು ಜಿಎಲ್-5 ಆಯಿಲ್‌ಗಳು ಹಿತ್ತಾಳೆಯನ್ನು ತಿನ್ನುತ್ತವೆ. ಜಾರು ಹೆಚ್ಚಾದರೆ ರಿಂಗ್‌ಗೆ ಹಿಡಿತವೂ ಸಿಗುವುದಿಲ್ಲ. ಹಳೆ ಆಯಿಲ್ ಇಳಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಮ್ಯಾಗ್ನೆಟ್ ಇರುವ ಡ್ರೈನ್ ಬೋಲ್ಟ್‌ನಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಮಾಮೂಲು. ಚೂರುಗಳಿದ್ದರೆ ಹಲ್ಲು ಮುರಿದಿದೆ. ಆಯಿಲ್‌ನಲ್ಲೇ ಚಿನ್ನದ ಪುಡಿ ಥರ ಮಿಂಚಿದರೆ ಅದು ರಿಂಗ್. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಸದ್ದು ಕೇಳಿಯೂ ಸಾಕಷ್ಟು ಹೇಳಬಹುದು. ನ್ಯೂಟ್ರಲ್‌ನಲ್ಲಿ ಗುಂಯ್ ಅಂತಿದ್ದದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್ ನೋಡಿಸಿ. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್. ಏರಿನಲ್ಲಿ ರೇಸ್ ಏರುತ್ತದೆ, ಗಾಡಿ ಏರುತ್ತಿಲ್ಲ ಅಂದರೆ ಪ್ಲೇಟ್ ಮುಗಿದಿದೆ. ರಿವರ್ಸ್‌ನಲ್ಲಿ ಕೊಂಯ್ ಅನ್ನುವುದಕ್ಕೆ ಮಾತ್ರ ಗಾಬರಿ ಬೇಡ, ಎಷ್ಟೋ ಕಾರುಗಳಲ್ಲಿ ರಿವರ್ಸ್ ಗೇರ್‌ನ ಹಲ್ಲು ನೇರವಾಗಿರುತ್ತದೆ, ಅದರ ದನಿಯೇ ಹಾಗೆ. ಆದರೆ ಅದಕ್ಕೆ ಹಲವು ಗಾಡಿಗಳಲ್ಲಿ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಿ.

ಹಳೆ ಕಾರು ಕೊಳ್ಳಲು ಹೋಗುವವರು ಇಂಜಿನ್ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಸ್ವಲ್ಪ ಅನುಮಾನ ಇರಲಿ. ರಸ್ತೆಗಿಳಿದು ಥರ್ಡ್‌ಗೆ ಬಂದ ಮೇಲೆ, ಗಂಟೆಗೆ 40ರ ಆಸುಪಾಸಿನಲ್ಲಿ, ರೇಸ್ ಕೊಡದೆ ಸೆಕೆಂಡ್‌ಗೆ ಇಳಿಸಿ ನೋಡಿ. ಮೆಲ್ಲಗೆ ಜಾರಿ ಕೂತರೆ ಸರಿ. ಕರ್ರ್ ಅಂದರೆ ಗೇರ್ ಬಾಕ್ಸ್ ಇಳಿಸುವ ಖರ್ಚನ್ನು ಕಳೆದು ಬೆಲೆ ಮಾತಾಡಿ. ಆಮೇಲೆ ಅದೇ ಸೆಕೆಂಡ್‌ನಲ್ಲಿ ಸ್ವಲ್ಪ ರೇಸ್ ಕೊಟ್ಟು ಫಕ್ಕನೆ ಕಾಲು ತೆಗೆಯಿರಿ. ಲಿವರ್ ಹಾರಿ ನ್ಯೂಟ್ರಲ್‌ಗೆ ಬಂದರೆ ಬೆಲೆ ಮಾತಾಡುವುದೇ ಬೇಡ, ಬೇರೆ ಗಾಡಿ ನೋಡಿ. ನಮಸ್ಕಾರ.